ಡ್ರೈವರನ ಹೊಸ ಸ್ಕ್ಯಾನ್

"ಗಡ್ಡೆ ಅರ್ಧಕ್ಕರ್ಧ ಕರಗಿದೆ," ಎಂದು ಡಾಕ್ಟರಮ್ಮ ಹೊಸ ಸ್ಕ್ಯಾನ್ ತೋರಿಸಿದಾಗ ಬಸ್ ಡ್ರೈವರ್ ಹೆಂಡತಿಯ ಮುಖ ನೋಡಿದ. "ಒಂದು ಜೀನ್ ಕೆಟ್ಟು, ಜೀವಕೋಶಗಳಿಗೆ 'ಬೆಳೀರಿ, ಬೆಳೀರಿ' ಅಂತ ಬಿಡದೆ ಸಂದೇಶ ಕಳಿಸ್ತಿತ್ತಲ್ಲ, ಮಾತ್ರೆ ಅದರ ಬಾಯಿ ಮುಚ್ಚಿಸಿದೆ. ನುಂಗೋದು ಮಾತ್ರ ನಿಲ್ಲಿಸಬೇಡಿ."

ಕ್ಯಾನ್ಸರ್ ಎಂದು ಗೊತ್ತಾದಂದಿನಿಂದ ಹೆಂಡತಿ ಅವನಿಗೆ ಒಂದು ಬಿರುಸು ಮಾತೂ ಆಡಿರಲಿಲ್ಲ. ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದರೂ ನಗುನಗುತ್ತಾ ಎತ್ತಿಡುತ್ತಿದ್ದಳು. ಕಾಯಿಲೆಗಿಂತ ಆ ನಯಕ್ಕೇ ಅವನ ಎದೆ ಹೆಚ್ಚು ನಡುಗುತ್ತಿತ್ತು.

ಈಗ ಅವಳು ಕಣ್ಣೊರೆಸಿಕೊಂಡು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಏನ್ರೀ ಇದು, ಅಂಗಿ ಗುಂಡಿ ಮೇಲೊಂದು ಕೆಳಗೊಂದು! ಹೀಗೇನಾ ಆಸ್ಪತ್ರೆಗೆ ಬರೋದು? ನಿಮಗೆ ಎಷ್ಟು ಸಲ ಹೇಳಬೇಕು?"

ಡ್ರೈವರನ ಮುಖ ಮೊರದಗಲ ಅರಳಿತು. "ಇನ್ನೂ ಸ್ವಲ್ಪ ಬೈಯೇ," ಎಂದ.