ಬೇಡವೆಂದ ಬಟನ್

ಚಿತ್ರಗಳಿಲ್ಲದೆ ಬರೀ ಅಕ್ಷರಗಳಲ್ಲಿ ನಡೆಯುವ ಆನ್‌ಲೈನ್ ಆಟ ಅದು. ಕೋಟೆಯ ಕಾಳಗದ ದಿನ ದಳಪತಿಯೇ ನಾಪತ್ತೆ. ಕೋಟೆ ಕೈಬಿಟ್ಟು ಹೋಯಿತು. ದಳಪತಿ ಹಳೆಯ ಗೆಳೆಯನೇ ಆದರೂ ನಿಂಗರಾಜನ ಸಿಟ್ಟು ನೆತ್ತಿಗೇರಿತ್ತು. ಮೂರು ಸಾಲು ಬೈದು ಬರೆದರೆ ಈ ದರಿದ್ರ ಆಟ ಮೊದಲ ಸಾಲನ್ನಷ್ಟೇ ತಲುಪಿಸಿ ಉಳಿದದ್ದನ್ನು ನುಂಗಿಬಿಡುತ್ತಿತ್ತು.

ಅಕ್ಕ ಅದಕ್ಕೊಂದು ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಮ್, ಬರೆದುಕೊಟ್ಟಳು. "ನೀನು ಬರ್ದಿದ್ದನ್ನೆಲ್ಲ ಸಾಲುಸಾಲಾಗಿ ಪಟ್ಟಿ ಮಾಡಿ ಆಟದೊಳಗೆ, ಅವರ ಸರ್ವರ್‌ನಲ್ಲೇ ಇಟ್ಕೊಳ್ಳುತ್ತೆ. ಆಮೇಲೆ ನಿಧಾನಕ್ಕೆ ಒಂದೊಂದೇ ಸಾಲು ಕಳಿಸುತ್ತೆ. ಮಧ್ಯದಲ್ಲಿ ನಿಲ್ಲಿಸೋಕೆ ಒಂದು ಬಟನ್ ಇಡ್ಲಾ?"

"ಯಾಕೆ? ಆಡಿದ ಮಾತು ವಾಪಸ್ ತಗೊಳ್ಳೋನಲ್ಲ ನಾನು."

"ಸಿಟ್ಟಲ್ಲಿ ಬರ್ದಿದ್ದೀಯ ಕಣೋ."

"ಬಟನ್ ಬೇಡ ಅಂದ್ನಲ್ಲ!"

ಕೊನೆಯ ಸಾಲಿಗೆ ಇನ್ನಷ್ಟು ಖಾರ ಅರೆದು ಕಳಿಸಿದ.

ಪರದೆಯ ಮೇಲೆ ಮೊದಲ ಸಾಲು ಮೂಡಿತು: "ಹೇಡಿ ನನ್ಮಗನೆ."

ಸ್ವಲ್ಪ ಹೊತ್ತಿಗೆ ಎರಡನೆಯದು: "ನಿನ್ನ ನಂಬಿ ಕೆಟ್ವಿ."

ನಿಂಗರಾಜ ಹಲ್ಲು ಕಚ್ಚಿಕೊಂಡು ಮೂರನೆಯದಕ್ಕೆ ಕಾದ. ಅಷ್ಟರಲ್ಲಿ ದಳಪತಿಯ ಉತ್ತರ ಬಂತು.

"ಬೈಯೋ, ತಪ್ಪು ನಂದೇ. ಅಪ್ಪ ಹೋಗ್ಬಿಟ್ರು ಕಣೋ. ಮಣ್ಣು ಮಾಡಿ ಈಗಷ್ಟೇ ಬಂದೆ. ಮೊದಲು ನಿನಗೇ ಹೇಳೋಣ ಅಂತ ಕೂತೆ."

"ಅಕ್ಕಾ, ನಿಲ್ಸಕ್ಕಾ! ವೈರ್ ಕಿತ್ತಾಕ್ಲಾ?"

"ಕಿತ್ರೂ ಹೋಗುತ್ತೆ. ಅದೀಗ ಇಲ್ಲಿಲ್ಲ, ಆಟದೊಳಗಿದೆ."

ಕೊನೆಯ ಸಾಲು ಮೂಡಿತು: "ನಿಮ್ಮಪ್ಪನ್ನ ಕರ್ಕೊಂಡ್ ಬಾರೋ, ಇಂಥವನನ್ನ ಯಾಕೆ ಹುಟ್ಟಿಸಿದ್ರಿ ಅಂತ ಕೇಳ್ಬೇಕು."