ಸವಳು ನೀರಿನ ಎರಡು ಗೆರೆ

ರೇವಪ್ಪನ ಬೆರಳಿಗೆ ಸೂಜಿ ಚುಚ್ಚುವ ಹೊತ್ತಿಗೆ ಜಾಹಿದನೇ ಕಣ್ಣು ಮುಚ್ಚಿಕೊಂಡಿದ್ದ. ಸೂಜಿ ಉಗುರಿಗೆ ತಾಗಿತು.

“ಕಣ್ಣು ತಗದು ಚುಚ್ಚಲೇ!” ಎಂದು ರೇವಪ್ಪ ಗದರಿದ.

ಅದು ೨೦೦೪ನೇ ಇಸವಿ, ಸಿಂದಗಿಯ ಒಂದು ಔಷಧದಂಗಡಿಯ ಹಿಂದಿನ ಗೋದಾಮು. ರೇವಪ್ಪ ಟಂಟಂ ಓಡಿಸುವವನು, ಜಾಹಿದ ಆ ಅಂಗಡಿಯಲ್ಲೇ ಕೆಲಸಕ್ಕಿದ್ದವನು. ಮೋರಟಗಿಯ ಸಾಲೆಯಿಂದಲೂ ಜೀವದ ಗೆಳೆಯರು. ಎದುರಿಗಿದ್ದದ್ದು ಎಚ್‌ಐವಿ ಪರೀಕ್ಷೆಯ ಪಟ್ಟಿಗಳ ಡಬ್ಬಿ. ಹರಿದಿದೆಯೆಂದು ವಾಪಸು ಕಳಿಸಲು ಇಟ್ಟದ್ದು. ಒಂದು ಗೆರೆ ಮೂಡಿದರೆ ಆರಾಮ. ಎರಡು ಮೂಡಿದರೆ ಬ್ಯಾನೆ.

ಆ ಗೆರೆಗಳ ಮೇಲೆಯೇ ರೇವಪ್ಪನ ಲಗ್ನ ನಿಂತಿತ್ತು. ಇಂಡಿ ಊರಿನ ರಾಜೇಶ್ವರಿ ಹೊಲಿಗೆ ಯಂತ್ರದಿಂದ ತಲೆಯೆತ್ತದೆ, “ಮೊದಲ ರಕ್ತ ತಪಾಸ ಮಾಡಿಸ್ಕೊಂಡು ಬರ್ರಿ. ಆಮ್ಯಾಲೆ ಲಗ್ನದ ಮಾತು,” ಎಂದಿದ್ದಳು. ತಪ್ಪೇನು? ಆಕೆಯ ಮೊದಲ ಗಂಡ ಲಾರಿ ಓಡಿಸುತ್ತಿದ್ದವನು, ಇದೇ ಬ್ಯಾನೆಯಲ್ಲಿ ಸೊರಗಿ ಸೊರಗಿ ಸತ್ತಿದ್ದ. ಎರಡನೆಯವನನ್ನು ನೋಡಿ ಆರಿಸುವ ಹಕ್ಕು ಆಕೆಗಿತ್ತು. ರೇವಪ್ಪನೋ, ಸೊಲ್ಲಾಪುರದಲ್ಲಿ ಒಂದೇ ಒಂದು ಸಲ ಕಾಲು ಜಾರಿದವನು. ಆ ಒಂದು ಸಲವನ್ನೇ ನೆನೆಸಿಕೊಂಡು ಹದಿನೈದು ದಿನದಿಂದ ನಿದ್ದೆಗೆಟ್ಟಿದ್ದ.

ರಕ್ತದ ಮೇಲೆ ಹಾಕುವ ಹನಿ ಔಷಧದ ಸೀಸೆ ಒಡೆದು ಒಣಗಿಹೋಗಿತ್ತು. ಜಾಹಿದ ತಲೆ ಓಡಿಸಿದ.

“ಆ ಔಷಧಾನೂ ಉಪ್ಪುಪ್ಪ ಇರ್ತೈತಂತ. ನಮ್ಮ ಬೋರಿನ ನೀರೂ ಸವಳ. ನಡೀತೈತಿ ತಗೋ.”

ರಕ್ತದ ಮೇಲೆ ಬೋರಿನ ನೀರು ಬಿತ್ತು. ಹತ್ತು ನಿಮಿಷ ಕಾದರು. ಎರಡು ಗೆರೆ ಮೂಡಿದವು.

“ಯಾ ಅಲ್ಲಾ!” ಎಂದು ಜಾಹಿದ ಕುಸಿದ. ರೇವಪ್ಪನ ಕಣ್ಣು ತುಂಬಿ ಬಂದವು. ಪಟ್ಟಿಯನ್ನು ಹಣೆಗೊತ್ತಿಕೊಂಡ.

“ಇದು ಖರೇ ಏನಪಾ? ಗೆರಿ ಅಳಸಿ ಹೋಗಂಗಿಲ್ಲಲ್ಲ?”

ಜಾಹಿದನಿಗೆ ಹೊಳೆದದ್ದು ಬೇರೆ: ಹೋದ ಹಬ್ಬಕ್ಕೆ ಇಬ್ಬರೂ ಒಂದೇ ಬ್ಲೇಡಿನಲ್ಲಿ ದಾಡಿ ಮಾಡಿಕೊಂಡಿದ್ದರು! ಗಡಬಡಿಸಿ ತನ್ನ ಬೆರಳನ್ನೂ ಚುಚ್ಚಿಕೊಂಡ. ಅವನಿಗೂ ಎರಡು ಗೆರೆ.

“ಕಟ್ಕೊಂಡ ಹೆಂಡ್ತಿ ಬಿಟ್ಟು ಯಾರನ್ನೂ ಕಣ್ಣೆತ್ತಿ ನೋಡಿಲ್ಲೋ ನಾ!” ಎಂದು ಬಾಯಿ ಬಾಯಿ ಬಡಿದುಕೊಂಡ.

ಪಟ್ಟಿಯ ಮೇಲೇ ಅನುಮಾನ ಹುಟ್ಟಿ, ಬಾಗಿಲಲ್ಲಿ ರಟ್ಟು ಮೇಯುತ್ತಿದ್ದ ಆಡಿನ ಕಿವಿಗೂ ಸೂಜಿ ಚುಚ್ಚಿದ. ಆಡಿಗೂ ಎರಡು ಗೆರೆ. ಕೊನೆಗೆ ರಕ್ತವಿಲ್ಲದೆ ಬರೀ ಬೋರಿನ ನೀರನ್ನೇ ಹಾಕಿದರು. ನೀರಿಗೂ ಏಡ್ಸ್!

“ಉಳದ್ವಿ ಮಗನ, ಉಳದ್ವಿ!” ಜಾಹಿದ ಆಡನ್ನು ತಬ್ಬಿಕೊಂಡು ಕುಣಿದ. ರೇವಪ್ಪ ತನ್ನ ಪಟ್ಟಿಯನ್ನು ಅಂಗಿಯ ಕಿಸೆಗೆ ಸೇರಿಸುತ್ತ, “ಆಡಿಂದು ಸುಳ್ಳಿರಬೇಕು. ನಂದು ಬರೋಬ್ಬರಿ ಐತಿ,” ಎಂದ.

ಪಾಪ, ಹೆದರಿ ಬುದ್ಧಿ ಕೆಟ್ಟಿದೆ ಎಂದು ಜಾಹಿದ ಅವನನ್ನು ಸರಕಾರಿ ದವಾಖಾನೆಗೆ ಎಳೆದೊಯ್ದ. ಅಲ್ಲಿ ಔಷಧವೂ ಸರಿ, ಪಟ್ಟಿಯೂ ಸರಿ. ಸಂಜೆಗೆ ಚೀಟಿ ಬಂತು: ಇಬ್ಬರಿಗೂ ಏನೂ ಇಲ್ಲ. ಜಾಹಿದ ಓಡಿಹೋಗಿ ಬಿಸಿ ಜಿಲೇಬಿ ಕಟ್ಟಿಸಿಕೊಂಡು ಬಂದ. ಬಂದು ನೋಡಿದರೆ ರೇವಪ್ಪ ದವಾಖಾನೆಯ ಕಟ್ಟೆಯ ಮೇಲೆ ಕುಳಿತು ಹೋ ಎಂದು ಅಳುತ್ತಿದ್ದ.

“ಲಗ್ನಾ ಕೂಡಿ ಬಂತಲ್ಲೋ ಹುಚ್ಚಪ್ಯಾ! ಅಳ್ತಿ ಯಾಕ?”

“ಎಲ್ಲಿ ಲಗ್ನೋ ಜಾಹಿದ! ರಾಜೇಶ್ವರಿ ತನಗಿರೂ ಬ್ಯಾನಿ ನನಗೂ ಇದ್ರಷ್ಟ ತಾಳಿ ಕಟ್ಟಿಸ್ಕೋತಾಳಂತ!”