ಸಂಜೆಗೆ ಕೊಡಬೇಕಿದ್ದ ದನಿ

ನೀಲವ್ವ ಮಗಳ ಇಂಟರ್‌ವ್ಯೂ ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು. ಇಂಟರ್‌ವ್ಯೂಗೆ ಹೋಗುವವರು ಮನೆಯವರ ಒಳ್ಳೆಯ ದನಿಯನ್ನು ಕುಂಕುಮದ ಭರಣಿಯಲ್ಲಿ ಎರವಲು ಒಯ್ದು, ದೀಪ ಹಚ್ಚುವುದರೊಳಗೆ ಮರಳಿಸುವುದು ಊರಿನ ರೂಢಿ.

“ಯವ್ವಾ, ನಿನ್ನ ದನಿ ಕೊಡಬೇ, ಸಂಜೀಕ ತಂದುಕೊಡ್ತೀನಿ,” ಎಂದಳು ಮಗಳು ಶಶಿಕಲಾ.

ನೀಲವ್ವನ ಕೈ ನಿಂತಿತು. ಹಾಡುತ್ತಿದ್ದ ತಂಗಿ ಗೌರವ್ವನಿಗೆ ತಾನೂ ಹೀಗೇ ಹೇಳಿ ಅವಳ ದನಿ ಒಯ್ದಿದ್ದಳು. ಕೆಲಸ ಸಿಕ್ಕಿತು, ನಾಳೆ ಕೊಟ್ಟರಾಯಿತು ಎನ್ನುತ್ತ ಆ ದನಿಯಲ್ಲೇ ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದಳು. ತಂಗಿ ಕೈಸನ್ನೆಯಲ್ಲೇ ಮುದುಕಿಯಾದಳು.

“ಇದು ನಿನ್ನ ಚಿಕ್ಕವ್ವಂದು. ನೀ ನಿನ್ನ ದನೀಲೆ ಮಾತಾಡು.”

“ನಂದು ಕಾಗಿ ದನಿ!”

“ಇರ್ಲಿ, ನಿಂದ ಐತಲ್ಲ.”

ನೀಲವ್ವ ಭರಣಿಗೆ ಬಾಯಿ ಹಚ್ಚಿ ತಂಗಿಯ ಹೆಸರು ಕರೆದು, ಆ ದನಿ ಒಳಗಿಳಿದ ಮೇಲೆ ಮುಚ್ಚಳ ಬಿಗಿದಳು. ಎಂದೋ ಬರೆದಿಟ್ಟಿದ್ದ ಕ್ಷಮೆಯ ಕಾಗದದೊಂದಿಗೆ ಅಂಚೆ ಕಚೇರಿಗೆ ಒಯ್ದಳು.

“ಜಲ್ದಿ ಮುಟ್ಟಬೇಕೇನ್ರಿ?” ಎಂದ ಗುಮಾಸ್ತ.

“ಹೂಂನ್ರಿ, ಭಾಳ ತಡ ಆಗೈತಿ,” ಎಂದು ತನ್ನದೇ ಒಡಕು ದನಿಯಲ್ಲಿ ಹೇಳಿ ಭರಣಿ, ಕಾಗದ ಎರಡನ್ನೂ ಕೊಟ್ಟಳು.